ಹಿತ್ತಿಲ ಹೊಂಡ ಮತ್ತು ಮಳೆಗಾಲದ ಗುದ್ದಲಿ

(ಬಳಗದ ಮಳೆಗಾಲದ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಹೊರಗೆ ಪುನರ್ವಸು ಮಳೆ ಹೊಯ್ಯುತ್ತಿದೆ. ಹೆಂಚಿನ ಮೇಲಿನ ಸದ್ದಿನಲ್ಲಿ ನನ್ನ ಮಾತು ಹಿಂದಿನ ಸಾಲಿನವರಿಗೆ ಕೇಳಿಸದಿದ್ದರೆ ದಯವಿಟ್ಟು ಮುಂದೆ ಬಂದು ಕುಳಿತುಕೊಳ್ಳಿ.

ಬಳಗದವರು ನನಗೆ ಒಪ್ಪಿಸಿದ ವಿಷಯ ‘ಮನೆಗೊಂದು ಹೊಂಡ’. ಶಿಬಿರದ ಉಳಿದ ಮೂರು ದಿನಗಳಲ್ಲಿ ವಿದ್ಯಾರ್ಥಿಗಳು ಈ ಊರಿನ ನಾಲ್ಕು ಮನೆಗಳ ಹಿತ್ತಿಲಿನಲ್ಲಿ ಹೊಂಡ ತೋಡಿಕೊಡಲಿದ್ದಾರೆಂದೂ ಇಲ್ಲಿಗೆ ಬಂದ ಮೇಲೆ ತಿಳಿಯಿತು. ಜಗುಲಿಯ ಮೇಲೆ ಗುದ್ದಲಿ, ಪಿಕಾಸಿ, ಬುಟ್ಟಿಗಳು ಸಾಲಾಗಿ ಸಿದ್ಧವಾಗಿರುವುದನ್ನು ಕಂಡೆ. ಆ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಆ ಗುದ್ದಲಿಗಳನ್ನು ಮರಳಿ ಕೊಟ್ಟಿಗೆಯಲ್ಲಿಡಿ ಎಂದು ಹೇಳುವ ಅಪ್ರಿಯವಾದ ಕೆಲಸ ನನ್ನ ಪಾಲಿಗೆ ಬಂದಿದೆ. ಹೊಂಡ ಬೇಡವೆಂದಲ್ಲ, ಈಗ ಬೇಡ. ಯಾಕೆ ಬೇಡ, ಈಗ ಮಾಡಬೇಕಾದದ್ದೇನು ಎಂಬುದನ್ನು ನನ್ನದೇ ಹಿತ್ತಿಲಿನಲ್ಲಿ ನಡೆದ ಒಂದು ಪ್ರಸಂಗದ ಮೂಲಕ ಹೇಳಲು ಪ್ರಯತ್ನಿಸುತ್ತೇನೆ.

ಮಳೆಗಾಲದಲ್ಲಿ ಹೊಂಡ ತೋಡಬೇಕೆನಿಸುವುದು ಸಹಜ. ಬೇಸಿಗೆಯಲ್ಲಿ ಪಿಕಾಸಿಗೂ ಜಗ್ಗದ ನೆಲ ಈಗ ಬೆಣ್ಣೆಯಂತಾಗಿರುತ್ತದೆ. ಸಂಜೆ ತೋಡಿಟ್ಟ ಗುಂಡಿ ಬೆಳಗಾಗುವಷ್ಟರಲ್ಲಿ ತುಂಬಿರುತ್ತದೆ. ನೀರು ಕಂಡ ಕಣ್ಣಿಗೆ ಕೆಲಸ ಸಾರ್ಥಕವಾಯಿತೆನಿಸುತ್ತದೆ. ನನಗೂ ಹಾಗೆಯೇ ಅನಿಸಿತ್ತು. ಡಾಕ್ಟರೇಟು ಮುಗಿಸಿ ಊರಿಗೆ ಮರಳಿ ಮನೆ ಕಟ್ಟಿಸಿದ ಎರಡನೆಯ ವರ್ಷ. ಮಣ್ಣಿನ ವಿಷಯದಲ್ಲಿ ಓದಿದ್ದು ತಲೆಯ ತುಂಬ ಇತ್ತು, ಕಾಲಿಗೆ ಹತ್ತಿದ ಮಣ್ಣು ಅಷ್ಟಾಗಿ ಇರಲಿಲ್ಲ. ಅಡುಗೆಮನೆಯ ಹಿಂದೆ, ಧರೆಯಿಂದ ಹತ್ತು ಹೆಜ್ಜೆ ದೂರದಲ್ಲಿ, ಆರು ಮೀಟರು ಉದ್ದ, ನಾಲ್ಕು ಮೀಟರು ಅಗಲದ ಹೊಂಡವೆಂದು ದಾರ ಕಟ್ಟಿದೆ. ಆರಿದ್ರಾ ಮಳೆ ತುಸು ಬಿಡುವು ಕೊಟ್ಟ ದಿನ ಕೆಲಸ ಶುರುವಾಯಿತು.

ಮೇಲಿನ ಒಂದಡಿ ಕಪ್ಪು ಮಣ್ಣು, ಅದರ ಕೆಳಗೆ ಕೆಂಪು ಜಂಬಿಟ್ಟಿಗೆ. ಈ ಜಂಬಿಟ್ಟಿಗೆಯ ಬಗ್ಗೆ ವಿದ್ಯಾರ್ಥಿಗಳಿಗೆ ಒಂದು ಮಾತು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಪ್ರಾಂತಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂಬ ಹೆಸರನ್ನಿತ್ತ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನೆಲದೊಳಗಿರುವಾಗ ಕಬ್ಬಿಣದ ಹತ್ಯಾರಕ್ಕೆ ಸುಲಭವಾಗಿ ಜಗ್ಗಿ, ಗಾಳಿ ಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಇದರ ಗುಣವನ್ನು ಆತ ಮಲಬಾರಿನ ಅಂಗಾಡಿಪುರದಲ್ಲಿ ಗಮನಿಸಿದ್ದ. ನಮ್ಮ ಕಲ್ಲು ಕಡಿಯುವವರಿಗೆ ಅದು ಮೊದಲೇ ಗೊತ್ತಿತ್ತೆನ್ನುವುದು ಬೇರೆ ಮಾತು.

ಮೂರಡಿ ಇಳಿದಾಗ ಕೆಂಪು ತೆಳುವಾಗಿ ಬಿಳಿ, ಹಳದಿ, ನಸುಗುಲಾಬಿ ಬಣ್ಣಗಳ ನುಣುಪು ಮಣ್ಣು ಕಾಣಿಸಿತು. ಇಲ್ಲಿ ಕುಳಿತ ತಾಯಂದಿರಿಗೆ ಅದರ ಪರಿಚಯ ನನಗಿಂತ ಚೆನ್ನಾಗಿದೆ. ಹಬ್ಬಕ್ಕೆ ಕೆಮ್ಮಣ್ಣಿನ ಗೋಡೆಯ ಮೇಲೆ ಚಿತ್ರ ಬರೆಯುವ ಶೇಡಿ. ನನ್ನೊಡನೆ ಕೆಲಸಕ್ಕೆ ಬಂದಿದ್ದ ಹಿರಿಯರೊಬ್ಬರು ಗುದ್ದಲಿ ಊರಿ ನಿಂತು, “ಶೇಡಿ ಬಂತಲ್ರೀ. ಇನ್ನು ಇದನ್ನ ಮಳೆಗಾಲದಲ್ಲಿ ಕೆದಕೋದು ಬ್ಯಾಡ” ಎಂದರು. ಇನ್ನೊಂದೆರಡು ಅಡಿಯಷ್ಟೇ ಎಂದು ನಾನು ಒತ್ತಾಯಿಸಿದೆ. ರಾತ್ರಿ ಜೋರು ಮಳೆಯಾಯಿತು. ಬೆಳಗ್ಗೆ ಗುಂಡಿ ತುಂಬಿತ್ತು. ಕೆಲಸ ಮುಂದುವರಿಸಲೆಂದು ಪಂಪು ಇಟ್ಟು ನೀರೆಲ್ಲವನ್ನೂ ಒಂದು ಗಂಟೆಯಲ್ಲಿ ಹೊರಹಾಕಿದೆವು. ಆ ಹಿರಿಯರ ಮಗ ಒಳಗಿಳಿದು ಎರಡು ಬುಟ್ಟಿ ಮಣ್ಣು ಎತ್ತಿಕೊಟ್ಟಿದ್ದನಷ್ಟೇ, ಧರೆಯ ಕಡೆಯ ಗೋಡೆ ಸದ್ದಿಲ್ಲದೆ ಜಾರಿತು. ಬೀಳಲಿಲ್ಲ, ಜಾರಿತು. ದೋಸೆ ಹಿಟ್ಟು ಕಾವಲಿಯ ಮೇಲೆ ಹರಡುವಂತೆ. ಅವನು ಸೊಂಟದವರೆಗೆ ಹೂತು ನಿಂತಿದ್ದ. ಕೈಯಿಂದ, ಬಟ್ಟಲಿನಿಂದ ಮಣ್ಣು ಬಗೆದು ಅವನನ್ನು ಹೊರಗೆ ತೆಗೆಯುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಗುದ್ದಲಿ ಬಳಸುವಂತಿರಲಿಲ್ಲ, ಅವನ ಕಾಲುಗಳು ಎಲ್ಲಿವೆಯೆಂದು ತಿಳಿಯುತ್ತಿರಲಿಲ್ಲ. ಒಂದು ಹಿಮ್ಮಡಿ ಉಳುಕಿದ್ದು ಬಿಟ್ಟರೆ ಹುಡುಗ ಉಳಿದ. ಆ ಹಿರಿಯರು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಲೇಸಿತ್ತು.

ಆಗ ನಡೆದದ್ದೇನೆಂದು ವಿದ್ಯಾರ್ಥಿಗಳು ಅರಿಯಬೇಕು. ಮಕ್ಕಳು ಹೊಳೆಯ ಮರಳಿನಲ್ಲಿ ಗುಡಿ ಕಟ್ಟುವುದನ್ನು ನೋಡಿದ್ದೀರಿ. ಒಣ ಮರಳಿನಲ್ಲಿ ಗುಡಿ ನಿಲ್ಲದು. ಸ್ವಲ್ಪ ತೇವವಿದ್ದರೆ ನಿಲ್ಲುತ್ತದೆ, ಏಕೆಂದರೆ ಕಣಗಳ ನಡುವಿನ ತೆಳು ನೀರು ಅವುಗಳನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ಇನ್ನೊಂದು ಚೆಂಬು ನೀರು ಸುರಿದರೆ ಗುಡಿ ಕರಗುತ್ತದೆ. ಕಣಗಳ ನಡುವಿನ ಗಾಳಿಯೆಲ್ಲ ಹೊರಟು ನೀರೇ ತುಂಬಿದಾಗ ಆ ಎಳೆತ ಹೋಗಿ, ನೀರಿನ ಒತ್ತಡವು ಕಣಗಳನ್ನು ದೂರ ತಳ್ಳಲಾರಂಭಿಸುತ್ತದೆ. ಶೇಡಿ ಮಣ್ಣಿನಲ್ಲಿ ಈ ವ್ಯತ್ಯಾಸ ಬಹಳ ತೀವ್ರ. ಒಣಗಿದ್ದಾಗ ಉಗುರಿಗೆ ಜಗ್ಗದ ಶೇಡಿ, ನೀರು ಕುಡಿದಾಗ ಕೆಸರಿನಂತಾಗುತ್ತದೆ. ಬೇಸಿಗೆಯಲ್ಲಿ ಇದೇ ಗೋಡೆ ಹತ್ತಡಿ ನೆಟ್ಟಗೆ ನಿಂತಿರುವುದನ್ನು ನಾವು ಕಂಡಿರುತ್ತೇವೆ, ಆ ನೆನಪೇ ನಮ್ಮನ್ನು ಮೋಸಗೊಳಿಸುತ್ತದೆ.

ಎರಡನೆಯ ತಪ್ಪು ನನ್ನ ಪಂಪಿನದು. ಗುಂಡಿಯಲ್ಲಿದ್ದ ನೀರು ಗೋಡೆಗೆ ಒಂದು ಬಗೆಯ ಆನಿಕೆಯಾಗಿತ್ತು. ಹೊರಗಿನ ನೀರನ್ನು ಒಂದು ಗಂಟೆಯಲ್ಲಿ ತೆಗೆದೆವು. ಗೋಡೆಯೊಳಗಿನ ನೀರು ಅಷ್ಟು ಬೇಗ ಇಳಿಯುವುದಿಲ್ಲ, ದಿನಗಳೇ ಬೇಕು. ಒಳಗಿನಿಂದ ಒತ್ತಡ ಹಾಗೆಯೇ ಉಳಿದು, ಹೊರಗಿನ ಆನಿಕೆ ಇಲ್ಲವಾದಾಗ ಗೋಡೆ ಮಾಡಬಹುದಾದದ್ದು ಒಂದೇ. ಹೀಗಾಗಿ ಮಳೆಗಾಲದಲ್ಲಿ ತುಂಬಿದ ಗುಂಡಿಯನ್ನು ಬರಿದು ಮಾಡಿ ಅದರೊಳಗೆ ಇಳಿಯುವುದು, ಹೊಸ ಗುಂಡಿ ತೋಡುವುದಕ್ಕಿಂತಲೂ ಅಪಾಯಕರ. ಒಂದು ಘನ ಮೀಟರು ಹಸಿ ಮಣ್ಣು ಸುಮಾರು 1,800 ಕಿಲೋ ತೂಗುತ್ತದೆ. ಎದೆಯವರೆಗೆ ಹೂತವನಿಗೆ ತಲೆ ಹೊರಗಿದ್ದರೂ ಉಸಿರೆಳೆಯಲಾಗದು.

ಇದಲ್ಲದೆ ಆ ಗುಂಡಿ ಧರೆಯ ಬುಡದಲ್ಲಿತ್ತು. ಮಲೆನಾಡಿನ ನಮ್ಮ ಮನೆಗಳೆಲ್ಲ ಗುಡ್ಡ ಕಡಿದು ಮಾಡಿದ ತಟ್ಟಿನ ಮೇಲಿವೆ. ಹಿಂದೆ ಧರೆ, ಮುಂದೆ ಇಳಿಜಾರು. ಧರೆಯ ಬುಡವೆಂದರೆ ಮೇಲಿನ ಗುಡ್ಡವನ್ನು ತಡೆದು ನಿಲ್ಲಿಸಿರುವ ಪಾದ. ಅಲ್ಲಿ ಹೊಂಡ ತೋಡುವುದೆಂದರೆ ಆ ಪಾದವನ್ನು ಕಡಿದಂತೆ. ಮುಂದಿನ ಇಳಿಜಾರಿನ ಅಂಚಿನಲ್ಲಿ ತೋಡುವುದೂ ಅಷ್ಟೇ ಅಪಾಯ. ಅಲ್ಲಿ ಇಂಗಿದ ನೀರು ಕೆಳಗಿನ ಧರೆಯನ್ನು ಒಳಗಿನಿಂದ ನೆನೆಸಿ ಭಾರಗೊಳಿಸುತ್ತದೆ, ಅದರ ಕೆಳಗೆ ಬೇರೆಯವರ ಮನೆಯೋ ತೋಟವೋ ಇರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಆದ ಕುಸಿತಗಳನ್ನು ನೀವೆಲ್ಲ ಬಲ್ಲಿರಿ. ಅವುಗಳ ಪ್ರಮಾಣವೇ ಬೇರೆ, ಹಿತ್ತಿಲ ಹೊಂಡಕ್ಕೂ ಅವಕ್ಕೂ ಹೋಲಿಕೆಯಿಲ್ಲ. ಆದರೆ ಕಡಿದ ಗುಡ್ಡ ಮತ್ತು ನೆನೆದ ಮಣ್ಣು ಒಂದಾದಾಗ ಆಗುವುದು ದೊಡ್ಡದರಲ್ಲೂ ಚಿಕ್ಕದರಲ್ಲೂ ಒಂದೇ ನಿಯಮದಂತೆ.

ನಮ್ಮ ಚಳವಳಿಯೊಳಗೆ ಇದನ್ನು ಹೇಳುವುದು ಸ್ವಲ್ಪ ಇರುಸುಮುರುಸಿನ ಸಂಗತಿ. ‘ಓಡುವ ನೀರನ್ನು ನಿಲ್ಲಿಸು, ನಿಂತ ನೀರನ್ನು ಇಂಗಿಸು’ ಎಂದು ಊರೂರು ತಿರುಗಿ ನಾವೇ ಸಾರಿದ್ದೇವೆ. ನಾನೂ ಸಾರಿದ್ದೇನೆ. ಬಯಲುಸೀಮೆಯಲ್ಲಿ ಅದು ಬಹುಮಟ್ಟಿಗೆ ನಿಜ. ಕಡಿದಾದ ಗುಡ್ಡದಲ್ಲಿ, ಶೇಡಿಯ ಮೇಲೆ, ದಿನಕ್ಕೆ ಇನ್ನೂರು ಮಿಲಿಮೀಟರು ಮಳೆ ಬೀಳುವಲ್ಲಿ ಎಲ್ಲೆಂದರಲ್ಲಿ ಇಂಗಿಸುವುದು ವಿವೇಕವಲ್ಲ. ಸಮತಟ್ಟಿನ ಜಾಗ, ಬ್ಯಾಣದ ತಗ್ಗು, ತೋಟದ ತಲೆಯ ಹಳೆಯ ಕೆರೆ, ಇವು ನೀರು ನಿಲ್ಲಿಸುವ ಸ್ಥಳಗಳು. ಧರೆಯ ತಲೆಯೂ ಬುಡವೂ ನೀರು ಬೇಗ ದಾಟಿ ಹೋಗಬೇಕಾದ ಸ್ಥಳಗಳು. ಧರೆಯ ಮೇಲೆ ಅಗಳ ತೋಡಿ ನೀರನ್ನು ಪಕ್ಕಕ್ಕೆ ತಿರುಗಿಸುತ್ತಿದ್ದ ಹಿರಿಯರು ನೀರಿನ ವೈರಿಗಳಾಗಿರಲಿಲ್ಲ.

ನನ್ನ ಗುಂಡಿಯ ಕತೆ ಅಲ್ಲಿಗೆ ಮುಗಿಯಲಿಲ್ಲ. ಮರುದಿನವೇ ಅದನ್ನು ಮುಚ್ಚಿಸುವುದೆಂದು ನಿರ್ಧರಿಸಿದ್ದೆ. ಮಳೆ ಬಿಡಲಿಲ್ಲ. ವಾರ ಕಳೆದು ನೋಡುವಾಗ ಗುಂಡಿಯ ಮೇಲೆ ಬಾಗಿದ್ದ ಪೇರಲೆ ಕೊಂಬೆಯಲ್ಲಿ ಮುಷ್ಟಿ ಗಾತ್ರದ ಬಿಳಿ ನೊರೆಯ ಉಂಡೆಗಳು ತೂಗುತ್ತಿದ್ದವು. ಮಲಬಾರ್ ಹಾರುಕಪ್ಪೆಯ ಗೂಡುಗಳವು. ಈ ಕಪ್ಪೆ ನೀರಿನಲ್ಲಿ ಮೊಟ್ಟೆಯಿಡದೆ, ನೀರಿನ ಮೇಲೆ ಚಾಚಿದ ಎಲೆಗಳಲ್ಲಿ ನೊರೆ ಕಡೆದು ಅದರೊಳಗೆ ಇಡುತ್ತದೆ. ಮರಿಗಳು ಹೊರಬಂದು ಮಳೆಯೊಡನೆ ನೇರವಾಗಿ ಕೆಳಗಿನ ನೀರಿಗೆ ಬೀಳುತ್ತವೆ. ಕೆಳಗೆ ನೀರಿಲ್ಲವಾದರೆ ಅವು ಉಳಿಯವು. ಇನ್ನು ಮುಚ್ಚಿಸುವುದು ಹೇಗೆ? ಗುಂಡಿಯ ಸುತ್ತ ಮುಳ್ಳಿನ ಬೇಲಿ ಕಟ್ಟಿಸಿ, ಧರೆಯ ಮೇಲಿನ ನೀರನ್ನು ಬೇರೆಡೆಗೆ ತಿರುಗಿಸಿ, ಹಾಗೆಯೇ ಬಿಟ್ಟೆ.

ಆ ಬಿಟ್ಟದ್ದರಿಂದಲೇ ನಾನು ಮುಖ್ಯವಾದ ಪಾಠವನ್ನು ಕಲಿತದ್ದು. ಆಶ್ಲೇಷ, ಮಘೆ ಮಳೆಗಳಲ್ಲಿ ಗುಂಡಿ ತುಂಬಿ ತುಳುಕಿತು. ಹಸ್ತ, ಚಿತ್ತೆ ಮುಗಿಯುವಾಗ ಅರ್ಧಕ್ಕಿಳಿಯಿತು. ದೀಪಾವಳಿ ಕಳೆದು ಮೂರು ವಾರಗಳಲ್ಲಿ ತಳದಲ್ಲಿ ಬಿರುಕು ಬಿಟ್ಟ ಕೆಸರು ಮಾತ್ರ ಉಳಿಯಿತು. ಜುಲೈಯಲ್ಲಿ ಗುಂಡಿ ತುಂಬಿದ್ದು ಅದು ನೀರು ಹಿಡಿದುಕೊಂಡದ್ದರಿಂದಲ್ಲ. ಸುತ್ತಲಿನ ನೆಲವೇ ತುಂಬಿತ್ತು, ಅಂತರ್ಜಲದ ಮಟ್ಟ ನನ್ನ ಗುಂಡಿಯ ಬಾಯಿಯವರೆಗೆ ಏರಿತ್ತು. ಗುಂಡಿಯೆಂಬುದು ಆ ನೀರನ್ನು ನೋಡುವ ಒಂದು ಕಿಟಕಿಯಾಗಿತ್ತಷ್ಟೇ. ಮಟ್ಟ ಇಳಿದಾಗ ಕಿಟಕಿಯಲ್ಲಿ ಕಾಣುವುದಕ್ಕೇನೂ ಇರಲಿಲ್ಲ. ಮಳೆಗಾಲದಲ್ಲಿ ತೋಡಿದ ಹೊಂಡವನ್ನು ನೋಡಿ ಅದು ಬೇಸಿಗೆಗೂ ನೀರು ಕೊಟ್ಟೀತೆಂದು ತೀರ್ಮಾನಿಸುವುದು, ನೆರೆಯ ದಿನ ಹೊಳೆಯನ್ನು ನೋಡಿ ಏತ ಹೂಡಿದಂತೆ. ಬಾವಿ ತೋಡುವುದನ್ನೂ ಕೆರೆಯ ಹೂಳೆತ್ತುವುದನ್ನೂ ನಮ್ಮವರು ಬೇಸಿಗೆಯ ಕೊನೆಗೇ ಇಟ್ಟುಕೊಂಡಿದ್ದರ ಹಿಂದೆ ಬಿಡುವಿನ ಲೆಕ್ಕ ಮಾತ್ರವಿರಲಿಲ್ಲ.

ಪ್ಲಾಸ್ಟಿಕ್ ಹಾಳೆ ಹಾಸಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಅಂತರ್ಜಲ ಮೇಲೆ ಬಂದಿರುವ ನೆಲದಲ್ಲಿ ಹಾಳೆಯ ಕೆಳಗೂ ನೀರು ಸೇರುತ್ತದೆ. ಕೆಳಗಿನ ನೀರಿನ ಮಟ್ಟ ಹೊಂಡದೊಳಗಿನ ಮಟ್ಟಕ್ಕಿಂತ ಎತ್ತರವಾದರೆ ಹಾಳೆ ಎಮ್ಮೆಯ ಬೆನ್ನಿನಂತೆ ಉಬ್ಬಿ ಮೇಲೇಳುತ್ತದೆ. ಖಾಲಿಯಿರುವ ಸಿಮೆಂಟಿನ ತೊಟ್ಟಿ ಕೂಡ ಹೀಗೆ ನೆಲದಿಂದ ಎದ್ದು ವಾರೆಯಾಗುವುದುಂಟು. ಅದಕ್ಕಿಂತ ದೊಡ್ಡ ಅಪಾಯವೆಂದರೆ ಪಾಚಿ ಹಿಡಿದ ಹಾಳೆಯ ಇಳಿಜಾರಿನಲ್ಲಿ ಜಾರಿ ಬಿದ್ದ ಮಗು ಹತ್ತಿ ಬರಲಾರದು, ಈಜು ಬಲ್ಲ ದೊಡ್ಡವರಿಗೂ ಅದು ಕಷ್ಟ. ಈಗಾಗಲೇ ಹಾಳೆಯ ಹೊಂಡವಿರುವವರು ಇಂದೇ ಮನೆಗೆ ಹೋಗಿ ಗಂಟು ಹಾಕಿದ ದಪ್ಪ ಹಗ್ಗವೊಂದನ್ನು ಗಟ್ಟಿ ಗೂಟಕ್ಕೆ ಕಟ್ಟಿ ಹೊಂಡದೊಳಗೆ ಇಳಿಬಿಡಿ. ಬೇಲಿಯನ್ನೂ ಹಾಕಿಸಿ. ಹೊಂಡದ ವಿಷಯದಲ್ಲಿ ಮಳೆ ನಿಲ್ಲುವವರೆಗೆ ಕಾಯಬಾರದ ಕೆಲಸ ಇದೊಂದೇ.

ಕೊನೆಗೆ ನನ್ನ ಹೊಂಡವಾದದ್ದು ಮುಂದಿನ ಮಾರ್ಚಿನಲ್ಲಿ, ಬೇರೆಯ ಜಾಗದಲ್ಲಿ. ಧರೆಯಿಂದ ದೂರ, ಕೊಟ್ಟಿಗೆಯ ಆಚೆಯ ಸಮತಟ್ಟಿನ ತಗ್ಗಿನಲ್ಲಿ. ಮೇಲೆ ಆರು ಮೀಟರು ಉದ್ದ, ನಾಲ್ಕು ಮೀಟರು ಅಗಲವೇ. ಆಳ ಮಾತ್ರ ನಾಲ್ಕಡಿ, ಅಂದರೆ 1.2 ಮೀಟರು. ಗೋಡೆಗಳು ನೆಟ್ಟಗಿಲ್ಲ, ಒಂದಡಿ ಇಳಿಯುವಾಗ ಕನಿಷ್ಠ ಒಂದಡಿ ಒಳಗೆ ಬರುವ ಓರೆ. ಇಷ್ಟಕ್ಕೆ ಸುಮಾರು 16,500 ಲೀಟರು ನೀರು ಹಿಡಿಯುತ್ತದೆ. ಹೊರಬರುವ ಮಣ್ಣು ಸುಮಾರು ಮೂವತ್ತು ಟನ್ನು! ಹಿತ್ತಿಲ ಪುಟ್ಟ ಹೊಂಡವೆನ್ನುವಾಗ ಈ ಮೂವತ್ತು ಟನ್ನು ಯಾರ ಲೆಕ್ಕಕ್ಕೂ ಬಂದಿರುವುದಿಲ್ಲ. ಅಂಚಿನಲ್ಲೇ ರಾಶಿ ಹಾಕಿದರೆ ಅದರ ಭಾರವೇ ಗೋಡೆಯನ್ನು ಒಳಗೆ ತಳ್ಳುತ್ತದೆ. ಹೊಂಡದ ಆಳ ಎಷ್ಟೋ ಅಷ್ಟು ದೂರವಾದರೂ ಇರಬೇಕು. ಮಳೆಗಾಲದಲ್ಲಾದರೆ ಆ ರಾಶಿ ಒಂದೇ ರಾತ್ರಿಯಲ್ಲಿ ಹಳ್ಳಕ್ಕೆ ಸೇರಿ ಕೆಳಗಿನವರ ಗದ್ದೆಯ ನಾಟಿಯನ್ನು ಮುಚ್ಚೀತು. ಮೇಲಿನ ಕಪ್ಪು ಮಣ್ಣನ್ನು ಬೇರೆಯಾಗಿ ತೆಗೆದಿರಿಸಿ ತರಕಾರಿ ಮಡಿಗೆ ಬಳಸಿದೆ, ಉಳಿದದ್ದು ತಗ್ಗಿನ ಕಡೆಯ ಏರಿಗೆ ಹೋಯಿತು.

ತಳಕ್ಕೂ ಬದಿಗಳಿಗೂ ಗದ್ದೆಯ ಅಡಿಯ ಅಂಟು ಮಣ್ಣನ್ನು ತಂದು, ನೀರು ಹಾಕಿ, ನಾಲ್ಕು ಜನ ಎರಡು ದಿನ ತುಳಿದು, ಮುಕ್ಕಾಲಡಿ ದಪ್ಪಕ್ಕೆ ಮೆತ್ತಿದೆವು. ಗದ್ದೆಯಲ್ಲಿ ನೀರು ನಿಲ್ಲುವಂತೆ ರೊಳ್ಳೆ ಹೊಡೆಯುವ ತತ್ವವೇ ಇದು. ತುಳಿದಾಗ ಮಣ್ಣಿನ ದೊಡ್ಡ ರಂಧ್ರಗಳು ಮುಚ್ಚಿಹೋಗುತ್ತವೆ. ಹಸಿ ಮಣ್ಣನ್ನು ಗುದ್ದಲಿಯಿಂದ ಕಡಿಯುವಾಗಲೂ ಗೋಡೆ ಸವರಿದಂತಾಗಿ ಹೀಗೆಯೇ ಮುಚ್ಚುತ್ತದೆ. ಆದ್ದರಿಂದ ಮಳೆಯಲ್ಲಿ ತೋಡಿದ ಇಂಗುಗುಂಡಿಗಳಲ್ಲಿ ನೀರು ಇಂಗುವುದು ಕಡಿಮೆ. ಮೆತ್ತಿದ ಮಣ್ಣು ಒಣಗಿ ಬಿರಿಯಬಾರದೆಂದು ಮೊದಲ ಮಳೆಯವರೆಗೆ ಕರಡ ಹಾಸಿ ಆಗಾಗ ನೀರು ಚಿಮುಕಿಸುತ್ತಿದ್ದೆ. ಒಂದು ವಾರ ಊರಲ್ಲಿರಲಿಲ್ಲ. ಬಂದು ನೋಡಿದರೆ ಮೂಲೆಯೊಂದು ಬಿರಿದಿತ್ತು. ಅದನ್ನು ಮತ್ತೆ ತುಳಿಯಬೇಕಾಯಿತು.

ಕೋಡಿಯ ವಿಷಯಕ್ಕೆ ಬರುತ್ತೇನೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯಾದರೆ ಒಂದು ಲೀಟರು ನೀರು. ನನ್ನ ಹೊಂಡಕ್ಕೆ ಹರಿದುಬರುವ ಜಾಗ ಸುಮಾರು ಐದು ಗುಂಟೆ, ಐನೂರು ಚದರ ಮೀಟರು. ಇನ್ನೂರು ಮಿಲಿಮೀಟರು ಬಿದ್ದ ದಿನ ಅಲ್ಲಿ ಒಂದು ಲಕ್ಷ ಲೀಟರು ಬಿತ್ತು. ಅರ್ಧ ಹರಿಯಿತೆಂದರೂ ಹೊಂಡವು ಆ ಒಂದು ದಿನದಲ್ಲಿ ಮೂರು ಸಲ ತುಂಬಬೇಕು. ಹೀಗಿರುವಾಗ ಹೊಂಡ ಎಷ್ಟು ದೊಡ್ಡದು ಎಂಬುದಕ್ಕಿಂತ, ತುಂಬಿದ ನೀರು ಎಲ್ಲಿಂದ ಹೊರಡುತ್ತದೆ ಎಂಬ ಪ್ರಶ್ನೆ ಮುಖ್ಯ. ಕೋಡಿಯಿಲ್ಲದ ಹೊಂಡ ತನ್ನ ಕೋಡಿಯನ್ನು ತಾನೇ ಮಾಡಿಕೊಳ್ಳುತ್ತದೆ, ಸಾಮಾನ್ಯವಾಗಿ ಏರಿಯ ನಡುವೆ. ನಮ್ಮ ಕೋಡಿಯನ್ನು ಏರಿಯ ಮಟ್ಟಕ್ಕಿಂತ ಒಂದಡಿ ಕೆಳಗೆ, ತೋಡದ ಗಟ್ಟಿ ನೆಲದ ಕಡೆ ಇಟ್ಟು, ಕಲ್ಲು ಹಾಸಿ, ನೀರನ್ನು ತೋಟದ ಕಾದಿಗೆಗೆ ಸೇರಿಸಿದ್ದೇನೆ. ಒಳಬರುವ ಕಡೆಯೂ ನಾಲ್ಕು ಕಲ್ಲು, ಮುಂದೆ ಹೂಳು ಕೂರುವ ಚಿಕ್ಕ ಕುಳಿ. ಏರಿಯ ಮೇಲೆ ಲಾವಂಚ, ಅಂಚಿನ ಮೆಟ್ಟಿಲಲ್ಲಿ ಬಜೆ, ಒಂದೆಲಗ, ಕೆಸು.

ಈ ಹೊಂಡವಾದರೂ ಬೇಸಿಗೆಯುದ್ದಕ್ಕೂ ನಿಲ್ಲುತ್ತದೆಯೇ ಎಂದರೆ, ಇಲ್ಲ. ದಿನಕ್ಕೆ ನಾಲ್ಕು ಮಿಲಿಮೀಟರು ಆವಿಯಾಗುತ್ತದೆಂದು ಹಿಡಿದರೂ ಡಿಸೆಂಬರಿನಿಂದ ಏಪ್ರಿಲ್ ಕೊನೆಗೆ ಎರಡಡಿ ಇಳಿಯಿತು. ಓರೆ ಬದಿಯ ಹೊಂಡದಲ್ಲಿ ಆಳ ಅರ್ಧಕ್ಕಿಳಿಯುವಾಗ ನೀರು ಮೂರರಲ್ಲಿ ಎರಡು ಪಾಲು ಹೋಗಿರುತ್ತದೆ. ಮಾರ್ಚಿನ ಹೊತ್ತಿಗೆ ನನ್ನ ತರಕಾರಿಗೆ ಅದು ಸಾಲದು. ಹಕ್ಕಿಗಳಿಗೆ, ಏರೋಪ್ಲೇನ್ ಚಿಟ್ಟೆಗಳಿಗೆ, ಒಂದು ಮುದಿ ಆಮೆಗೆ ಸಾಕು.

ಸೊಳ್ಳೆಯ ಪ್ರಶ್ನೆಯನ್ನು ತಾಯಂದಿರು ಕೇಳಿಯೇ ಕೇಳುತ್ತಾರೆ. ಸೊಳ್ಳೆಮರಿ ಬೆಳೆದು ಹಾರುವುದಕ್ಕೆ ಒಂದು ವಾರದಿಂದ ಹತ್ತು ದಿನ ಸಾಕು. ಮೀನು, ಏರೋಪ್ಲೇನ್ ಚಿಟ್ಟೆಯ ಮರಿಗಳಿರುವ ಹೊಂಡದಲ್ಲಿ ಅವಕ್ಕೆ ಉಳಿಗಾಲ ಕಡಿಮೆ. ಡೆಂಗಿ ಹರಡುವ ಸೊಳ್ಳೆ ಹೆಚ್ಚಾಗಿ ಬೆಳೆಯುವುದು ಬಿಸಾಡಿದ ಅಡಿಕೆ ಹಾಳೆ, ತೆಂಗಿನ ಕರಟ, ಟಯರು, ರಬ್ಬರು ಹಾಲಿನ ಬಟ್ಟಲುಗಳಲ್ಲಿ. ಗಂಬೂಸಿಯಾ ಮೀನನ್ನು ಮಾತ್ರ ತಂದು ಬಿಡಬೇಡಿ. ಅದು ಹೊರದೇಶದ್ದು, ಕಪ್ಪೆಮರಿಗಳನ್ನೂ ತಿನ್ನುತ್ತದೆ, ಕೋಡಿಯ ಮೂಲಕ ಹಳ್ಳಕ್ಕಿಳಿದರೆ ಮರಳಿ ಹಿಡಿಯಲಾಗದು. ಗದ್ದೆಯ ಬದಿಯ ಸಣ್ಣ ಮೀನುಗಳೇ ಸಾಕು.

ಹಾಗಾದರೆ ಈ ಮೂರು ದಿನ ಏನು ಮಾಡಬೇಕು? ನಾಲ್ಕೂ ಮನೆಗಳ ಹಿತ್ತಿಲಿಗೆ ಹೋಗೋಣ. ಕೊಡೆ ಹಿಡಿದು, ಮಳೆ ಜೋರಾಗಿರುವಾಗಲೇ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ಕೆಂಪಾಗಿದೆ, ಎಲ್ಲಿ ತಿಳಿಯಾಗಿದೆ ಎಂದು ನೋಡಿ ಬಿದಿರಿನ ಗೂಟ ಊರೋಣ. ಈ ನಕ್ಷೆಯನ್ನು ಬೇಸಿಗೆಯಲ್ಲಿ ಯಾವ ತಜ್ಞನೂ ಬರೆದುಕೊಡಲಾರ. ಧರೆಗಳ ತಲೆಯಲ್ಲಿ ಹೊಸ ಬಿರುಕುಗಳಿವೆಯೇ, ಬುಡದಲ್ಲಿ ನಿನ್ನೆಯಿಲ್ಲದ ಒರತೆ ಎದ್ದಿದೆಯೇ, ಮರಗಳು ವಾಲಿವೆಯೇ ಎಂದು ಹುಡುಕೋಣ. ಕಂಡರೆ ಹೊಂಡದ ಮಾತು ಬಿಟ್ಟು ಆ ಮನೆಯವರನ್ನು ರಾತ್ರಿ ಬೇರೆಡೆ ಮಲಗಿಸುವ ಏರ್ಪಾಡು ಮೊದಲು. ಈಗಾಗಲೇ ಹೊಂಡವಿರುವ ಮನೆಯವರಿಗೆ ಒಂದು ಪರೀಕ್ಷೆ ಹೇಳಿಕೊಡಿ. ಮಳೆ ನಿಂತ ಮೇಲೆ ಹೊಂಡದಲ್ಲಿ ಗೀರು ಹಾಕಿದ ಬಿದಿರು ಊರಿ, ಪಕ್ಕದಲ್ಲೇ ನೀರು ತುಂಬಿದ ಬಕೀಟು ಇಡಿ. ಹತ್ತು ದಿನಗಳಲ್ಲಿ ಬಕೀಟಿನಲ್ಲಿ ಇಳಿದದ್ದು ಆವಿ. ಹೊಂಡದಲ್ಲಿ ಅದಕ್ಕಿಂತ ಹೆಚ್ಚಾಗಿ ಇಳಿದದ್ದು ಸೋರಿಕೆ. ಅಂಟು ಮಣ್ಣು ಬೇಕೋ ಬೇಡವೋ ಎಂಬುದನ್ನು ಆ ಎರಡು ಗೀರುಗಳೇ ಹೇಳುತ್ತವೆ.

ಗುದ್ದಲಿಯೇ ಬೇಕೆನ್ನುವವರಿಗೆ ಧರೆಯ ಮೇಲಿನ ಅಗಳಗಳಲ್ಲಿ ತುಂಬಿದ ದರಕನ್ನು ತೆಗೆಯುವ ಕೆಲಸವಿದೆ. ಮೂವರು ಒಟ್ಟಾಗಿ ಹೋಗಿ, ಒಬ್ಬ ಮೇಲೆ ನೋಡುತ್ತ ನಿಂತಿರಲಿ. ಧರೆಯ ಅಂಚಿಗೆ ಯಾರೂ ಹೋಗಬೇಡಿ. ಮೊದಲ ಮನೆ ಇಲ್ಲಿಂದ ಎರಡು ಫರ್ಲಾಂಗು, ದಾರಿಯಲ್ಲಿ ಉಂಬಳಗಳಿವೆ, ಸುಣ್ಣ ಹೊಗೆಸೊಪ್ಪಿನ ಗಂಟನ್ನು ಜಗುಲಿಯಲ್ಲಿ ಇರಿಸಿದ್ದಾರೆ. ಚಹಾ ಕುಡಿದು ಹೊರಡೋಣ.